ಶಿಂಗ್‌ಯಿಚ್ವಾನ್: ಒಂದು ನಿಲುವು, ಐದು ಗುದ್ದು

ಶಿಂಗ್‌ಯಿಚ್ವಾನ್ ಉತ್ತರ ಚೀನದ ಶಾನ್ಸಿ ಮತ್ತು ಹೆಬೇ ಪ್ರಾಂತ್ಯಗಳಲ್ಲಿ ಬೆಳೆದ ಕೈಕಾಳಗದ ವಿದ್ಯೆ. ‘ಶಿಂಗ್’ ಎಂದರೆ ಆಕಾರ, ‘ಯಿ’ ಎಂದರೆ ಮನಸ್ಸಿನ ಸಂಕಲ್ಪ, ‘ಚ್ವಾನ್’ ಎಂದರೆ ಮುಷ್ಟಿ. ಮನಸ್ಸು ಎಣಿಸಿದ್ದನ್ನು ಮೈ ಆ ಕ್ಷಣವೇ ಆಕಾರಕ್ಕೆ ತರಬೇಕು ಎಂಬುದು ಹೆಸರಿನ ತಾತ್ಪರ್ಯ. ತಾಯ್ ಚಿ, ಬಾಗ್ವಾಜಾಂಗ್ ಮತ್ತು ಇದು, ಈ ಮೂರನ್ನು ಸೇರಿಸಿ ಚೀನೀಯರು ‘ನೇಜಿಯಾ’, ಅಂದರೆ ಒಳಮನೆಯ ವಿದ್ಯೆಗಳು ಎನ್ನುತ್ತಾರೆ. ತಾಯ್ ಚಿ ನಿಧಾನವಾಗಿ ಹರಿಯುತ್ತದೆ, ಬಾಗ್ವಾ ವೃತ್ತದಲ್ಲಿ ಸುತ್ತುತ್ತದೆ. ಶಿಂಗ್‌ಯಿ ಮಾತ್ರ ನೇರ ಗೆರೆಯಲ್ಲಿ ಮುಂದಕ್ಕೆ ನುಗ್ಗುತ್ತದೆ. ನೋಡುವವರಿಗೆ ಮೂರರಲ್ಲಿ ಇದೇ ಅತ್ಯಂತ ಸಪ್ಪೆ. ಹಾರಾಟವಿಲ್ಲ, ತಲೆ ಮೇಲಕ್ಕೆ ಒದೆಯುವುದಿಲ್ಲ. ಹತ್ತು ಹೆಜ್ಜೆ ಹೋಗಿ, ತಿರುಗಿ, ಅದೇ ಗುದ್ದನ್ನು ಗುದ್ದುತ್ತ ಹತ್ತು ಹೆಜ್ಜೆ ಬರುವುದು, ಅಷ್ಟೆ.

ಆ ಸಪ್ಪೆತನದಲ್ಲೇ ವಿದ್ಯೆಯ ಬುಡ ಇದೆ. ‘ಸಾನ್‌ತಿ ಶಿ’ ಎಂಬ ಒಂದು ನಿಲುವು, ‘ವೂಶಿಂಗ್ ಚ್ವಾನ್’ ಎಂಬ ಐದು ಗುದ್ದುಗಳು: ಶಿಂಗ್‌ಯಿಯ ಮೂಲವರಸೆಗಳೆಂದರೆ ಇವಿಷ್ಟೇ. ಕನ್ನಡದಲ್ಲಿ ಕತ್ತಿವರಸೆ, ದೊಣ್ಣೆವರಸೆ ಎನ್ನುವಾಗಲೂ ಸಂಗೀತದ ಸರಳೆ ವರಸೆ, ಜಂಟಿ ವರಸೆ ಎನ್ನುವಾಗಲೂ ಬಳಸುವ ಮಾತು ಒಂದೇ ಆಗಿರುವುದು ಇಲ್ಲಿ ನೆನಪಾಗುತ್ತದೆ. ಆದರೆ ಒಂದು ವ್ಯತ್ಯಾಸ ಇದೆ. ಸಂಗೀತ ಕಲಿಯುವವರು ಸರಳೆ ಮುಗಿಸಿ ಗೀತೆ, ವರ್ಣ, ಕೃತಿಗಳಿಗೆ ದಾಟುತ್ತಾರೆ. ಕಛೇರಿಯಲ್ಲಿ ಸರಳೆ ಹಾಡುವವರಿಲ್ಲ. ಶಿಂಗ್‌ಯಿಯಲ್ಲಿ ಸರಳೆಯೇ ಕಛೇರಿ. ಐವತ್ತು ವರ್ಷ ಪಳಗಿದ ಗುರುವೂ ಬೆಳಿಗ್ಗೆ ಎದ್ದು ಮಾಡುವುದು ಮೊದಲ ವಾರ ಕಲಿತ ಆ ಗುದ್ದನ್ನೇ.

‘ಒಳಮನೆ’ ಎಂಬ ಹಣೆಪಟ್ಟಿಯ ಬಗ್ಗೆ ಒಂದು ಮಾತು. ಚೀನದ ವಿದ್ವಾಂಸ ಹ್ವಾಂಗ್ ಝೋಂಗ್‌ಶಿ 1669ರಲ್ಲಿ ಬರೆದ ಒಂದು ಸಮಾಧಿಲೇಖದಲ್ಲಿ ಶಾವೋಲಿನ್‌ನ ‘ಹೊರಗಿನ’ ವಿದ್ಯೆಗೆ ಎದುರಾಗಿ ‘ಒಳಗಿನ’ ವಿದ್ಯೆಯೊಂದರ ಪ್ರಸ್ತಾಪ ಬರುತ್ತದೆ. ಅಲ್ಲಿ ಶಿಂಗ್‌ಯಿಯ ಸುಳಿವಿಲ್ಲ. ಮೂರು ವಿದ್ಯೆಗಳನ್ನು ಒಂದೇ ಹೆಸರಿನಡಿ ಕಟ್ಟಿದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ ಬೀಜಿಂಗ್‌ನಲ್ಲಿ ಒಬ್ಬರೊಡನೊಬ್ಬರು ಕಲಿತು ಕಲಿಸುತ್ತಿದ್ದ ಗುರುಗಳು. ಅದನ್ನು ಪುಸ್ತಕಗಳ ಮೂಲಕ ನೆಲೆಗೊಳಿಸಿದ್ದು ಶಿಂಗ್‌ಯಿ ಗುರು ಸುನ್ ಲೂಟಾಂಗ್. ಹೀಗಾಗಿ ಒಳಗೆ, ಹೊರಗೆ ಎಂಬ ಗೆರೆ ಅಷ್ಟೇನೂ ಗಟ್ಟಿಯದಲ್ಲ. ಹೊಸಬನೊಬ್ಬ ಶಿಂಗ್‌ಯಿಯ ಗುದ್ದು ಹೊಡೆಯುವಾಗ ನೆಲಕ್ಕೆ ಬೀಳುವ ಪಾದದ ಸದ್ದು ಕೇಳಿದವರು ಅದನ್ನು ಮೃದುವಿದ್ಯೆ ಎಂದು ಖಂಡಿತ ಕರೆಯಲಾರರು.

ಪರಂಪರೆ ಈ ವಿದ್ಯೆಯ ಮೂಲವನ್ನು ಸೋಂಗ್ ರಾಜವಂಶದ ಸೇನಾನಿ ಯುಎ ಫೇಗೆ (1103–1142) ಕಟ್ಟುತ್ತದೆ. ಇದಕ್ಕೆ ಆಧಾರವಿಲ್ಲ, ದೊಡ್ಡ ಹೆಸರೊಂದರ ನೆರಳಿನಲ್ಲಿ ನಿಲ್ಲುವ ಆಸೆ ಎಲ್ಲ ಗರಡಿಗಳಿಗೂ ಇರುವಂಥದ್ದೇ. ಇತಿಹಾಸ ಹಿಡಿಯಬಲ್ಲ ಮೊದಲ ಹೆಸರು ಮಿಂಗ್ ಆಳ್ವಿಕೆ ಮುಗಿದು ಚಿಂಗ್ ಆಳ್ವಿಕೆ ಶುರುವಾದ ಕಾಲದ ಜೀ ಜೀಕೆ, ಶಾನ್ಸಿಯ ಪೂಝೋ ಸೀಮೆಯವನು. ಈಟಿಯಲ್ಲಿ ನಿಪುಣನಾಗಿದ್ದ ಆತ ಈಟಿಯ ಚಲನೆಯನ್ನೇ ಬರಿಗೈಗೆ ಇಳಿಸಿದನೆಂಬುದು ವಾಡಿಕೆಯ ಮಾತು. ಇದನ್ನು ದಂತಕಥೆ ಎಂದು ತಳ್ಳಿಹಾಕುವ ಮೊದಲು ಶಿಂಗ್‌ಯಿಯ ನಿಲುವನ್ನು ಒಮ್ಮೆ ನೋಡಬೇಕು. ಒಂದು ಕೈ ಮುಂದೆ, ಒಂದು ಕೈ ಹೊಟ್ಟೆಯ ಬಳಿ, ಮೈ ಅರ್ಧ ಓರೆ. ಆ ಎರಡು ಕೈಗಳ ನಡುವೆ ಒಂದು ಕೋಲು ಇಟ್ಟರೆ ಈಟಿ ಹಿಡಿದ ಕಾಲಾಳು ಕಣ್ಣೆದುರು ನಿಲ್ಲುತ್ತಾನೆ.

ಅಲ್ಲಿಂದ ವಿದ್ಯೆ ಎರಡು ದಾರಿ ಹಿಡಿಯಿತು. ಹೆನಾನ್‌ನ ಹುಯ್ ಮುಸ್ಲಿಮರಲ್ಲಿ ಉಳಿದ ಕವಲಿಗೆ ಹತ್ತು ಪ್ರಾಣಿಗಳ ವರಸೆಗಳೇ ಜೀವಾಳ. ಐದು ಗುದ್ದುಗಳಿಗೆ ಅಲ್ಲಿ ಇಷ್ಟು ದೊಡ್ಡ ಪೀಠವಿಲ್ಲ. ಇನ್ನೊಂದು ಶಾನ್ಸಿಯ ಚೀ ಜಿಲ್ಲೆಯ ದಾಯ್ ಮನೆತನದ್ದು. ಚೀ ಮತ್ತು ಅದರ ನೆರೆಯ ತಾಯ್‌ಗು ಆಗ ಲೇವಾದೇವಿ ವರ್ತಕರ ಊರುಗಳು. ಬೆಳ್ಳಿಯ ಗಾಡಿಗಳು ದೂರದ ಪ್ರಾಂತ್ಯಗಳಿಗೆ ಹೊರಡುತ್ತಿದ್ದವು, ಅವುಗಳ ಜೊತೆ ಕಾವಲಿಗೆ ಜಟ್ಟಿಗಳು ಬೇಕಿತ್ತು. ಹೊಡೆದಾಟ ಬಲ್ಲವನಿಗೆ ಅಲ್ಲಿ ಕೂಲಿ ಇತ್ತು.

ದಾಯ್ ಮನೆತನದವರು ಹೊರಗಿನವರಿಗೆ ಸುಲಭವಾಗಿ ಕಲಿಸುತ್ತಿರಲಿಲ್ಲ. ಹೆಬೇಯ ಶೆನ್ ಜಿಲ್ಲೆಯಿಂದ ಬಂದ ಲೀ ಲುವೊನೆಂಗ್ ಅವರಲ್ಲಿ ಶಿಷ್ಯನಾದ ಕಥೆಯನ್ನು ಸುನ್ ಲೂಟಾಂಗ್ ದಾಖಲಿಸಿದ್ದಾನೆ. ಲೀಗೆ ಆಗ 37 ವರ್ಷ. ಎರಡು ವರ್ಷ ಅವನಿಗೆ ಸಿಕ್ಕಿದ್ದು ‘ಪಿ’ ಎಂಬ ಒಂದೇ ಗುದ್ದು, ಮತ್ತು ಗುದ್ದುಗಳನ್ನು ಪೋಣಿಸಿದ ಜೋಡಣೆವರಸೆಯ ಅರ್ಧ. ಆತ ಇನ್ನಷ್ಟು ಕೇಳಲಿಲ್ಲ. ಇದ್ದುದನ್ನೇ ದಿನವೂ ತಿಕ್ಕಿದ. ಗುರುವಿನ ತಾಯಿಯ ಹುಟ್ಟುಹಬ್ಬದ ದಿನ ಶಿಷ್ಯರೆಲ್ಲ ತಮ್ಮ ತಮ್ಮ ವರಸೆ ತೋರಿಸಿದರು. ಲೀಯ ಸರದಿ ಬಂದಾಗ ಆತ ಅರ್ಧಕ್ಕೇ ನಿಲ್ಲಿಸಿದ. ಮುದುಕಿ ಯಾಕೆಂದು ವಿಚಾರಿಸಿದಳು. ಕಲಿತದ್ದೇ ಇಷ್ಟು ಎಂದ. ಇಷ್ಟನ್ನೇ ಇಷ್ಟು ಚೆನ್ನಾಗಿ ಮಾಡುವವನಿಗೆ ಉಳಿದದ್ದನ್ನೂ ಕಲಿಸು ಎಂದು ಆಕೆ ಮಗನಿಗೆ ಹೇಳಿದಳು. ಗುರು ದಾಯ್ ಲೋಂಗ್‌ಬಾಂಗೋ, ಅವನ ಮಗನೋ ಎಂಬ ವಿಷಯದಲ್ಲಿ ಕಾಲಗಣನೆ ಕೂಡಿಬರುವುದಿಲ್ಲ, ಇತಿಹಾಸಕಾರರಲ್ಲಿ ವಾದವೂ ಇದೆ. ಆದರೂ ಶಿಂಗ್‌ಯಿಯವರು ತಮ್ಮ ಬಗ್ಗೆ ಹೇಳಿಕೊಳ್ಳಲು ಆರಿಸಿಕೊಂಡ ಕಥೆ ಇದು ಎಂಬುದನ್ನು ಗಮನಿಸಬೇಕು. ಎಷ್ಟು ಜನರನ್ನು ಕೆಡವಿದ ಎಂಬುದು ಅದರಲ್ಲಿ ಬರುವುದಿಲ್ಲ, ಎಷ್ಟು ಕಡಿಮೆ ಕಲಿತ ಎಂಬುದು ಬರುತ್ತದೆ. ಇಂದು ಶಿಂಗ್‌ಯಿಚ್ವಾನ್ ಎಂಬ ಹೆಸರಿನಲ್ಲಿ ಪ್ರಚಾರದಲ್ಲಿರುವ ಪಾಠಕ್ರಮ ಬಹುಮಟ್ಟಿಗೆ ಈ ಲೀ ಮತ್ತು ಅವನ ಶಿಷ್ಯರು ಕಟ್ಟಿದ್ದು. ಶಿಷ್ಯರಲ್ಲಿ ಗುವೊ ಯುನ್‌ಶೆನ್ ಹೆಬೇಯಲ್ಲೂ ಚೆ ಯಿಝಾಯ್ ತಾಯ್‌ಗುವಿನಲ್ಲೂ ಹೆಸರಾದರು. ಹೆಬೇಯವರ ಚಲನೆ ಉದ್ದ ಮತ್ತು ಬಿಚ್ಚು, ಶಾನ್ಸಿಯವರದು ಗಿಡ್ಡ ಮತ್ತು ಬಿಗಿ.

ಅಭ್ಯಾಸ ಶುರುವಾಗುವುದು ನಿಲ್ಲುವುದರಿಂದ. ಸಾನ್‌ತಿ ಎಂದರೆ ಮೂರು ಅಂಗ: ಆಕಾಶ, ಭೂಮಿ, ಮನುಷ್ಯ. ಎಡಗಾಲು ಮುಂದೆ, ಬಲಗಾಲು ಹಿಂದೆ ಓರೆಯಾಗಿ. ಮೈಭಾರದಲ್ಲಿ ನೂರಕ್ಕೆ 60ರಿಂದ 70 ಭಾಗ ಹಿಂಗಾಲಿನ ಮೇಲೆ. ಪ್ರಮಾಣ ಒಂದೊಂದು ಗರಡಿಯಲ್ಲಿ ಒಂದೊಂದು. ಎಡಗೈ ಮುಂದೆ ಚಾಚಿ ಎದೆ, ಭುಜದ ಎತ್ತರದಲ್ಲಿ, ಮೊಣಕೈ ಕೆಳಮುಖವಾಗಿ ತುಸು ಬಾಗಿ. ಬಲಗೈ ಹೊಕ್ಕುಳ ಪಕ್ಕ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಜಾಗ ದುಂಡಗೆ ತೆರೆದಿರಬೇಕು. ಅದಕ್ಕೆ ‘ಹುಲಿಬಾಯಿ’ ಎಂದು ಹೆಸರು. ಭುಜ ಇಳಿಬಿಡಬೇಕು, ನಾಲಿಗೆಯ ತುದಿ ಅಂಗುಳಕ್ಕೆ ತಾಗಿರಬೇಕು, ನೆತ್ತಿಯನ್ನು ಮೇಲಿನಿಂದ ಯಾರೋ ದಾರ ಕಟ್ಟಿ ಎತ್ತಿದಂತಿರಬೇಕು. ಮೂಗಿನ ತುದಿ, ಮುಂಗೈಬೆರಳ ತುದಿ, ಮುಂಗಾಲ ತುದಿ ಮೂರೂ ಒಂದೇ ಗೆರೆಯಲ್ಲಿ ಬರಬೇಕು.

ಓದಲು ಇದು ಸುಲಭ. ನಿಂತು ನೋಡಿದವರಿಗೆ ಎರಡನೇ ನಿಮಿಷಕ್ಕೆ ಹಿಂಗಾಲ ತೊಡೆ ಉರಿಯಲು ಶುರುವಾಗುತ್ತದೆ. ಆ ಉರಿ ತಪ್ಪಿಸಿಕೊಳ್ಳಲು ಮೈ ತನಗೆ ತಿಳಿಯದೆ ಕಳ್ಳಾಟ ಆಡುತ್ತದೆ: ಭಾರ ಮೆಲ್ಲಗೆ ಮುಂಗಾಲಿಗೆ ಜಾರುತ್ತದೆ, ಪೃಷ್ಠ ಹಿಂದಕ್ಕೆ ಚಾಚುತ್ತದೆ, ಭುಜ ಕಿವಿಯ ಕಡೆಗೆ ಏರುತ್ತದೆ, ಉಸಿರು ಎದೆಯಲ್ಲೇ ನಿಲ್ಲುತ್ತದೆ. ಗುರುವಿನ ಕೆಲಸ ಅಲ್ಲಿಂದ. ಬೆರಳೊಂದರಲ್ಲಿ ಭುಜ ಒತ್ತುತ್ತಾನೆ, ಸೊಂಟ ಒಳಕ್ಕೆ ತಳ್ಳುತ್ತಾನೆ, ಚಾಚಿದ ಅಂಗೈಯನ್ನು ಮುಂದಿನಿಂದ ದೂಡಿ ಆ ಒತ್ತಡ ಹಿಮ್ಮಡಿಯವರೆಗೆ ಇಳಿಯುತ್ತದೋ ನಡುವೆ ಎಲ್ಲಾದರೂ ಮುರಿಯುತ್ತದೋ ನೋಡುತ್ತಾನೆ. ಕೈ ತಳ್ಳಿದಾಗ ಮೊಣಕೈ ಕುಸಿದರೆ ಗುದ್ದಿದಾಗಲೂ ಅಲ್ಲೇ ಕುಸಿಯುತ್ತದೆ. ಸಾನ್‌ತಿಯನ್ನು ಧ್ಯಾನವೆಂದು ಬಣ್ಣಿಸುವ ಬರಹಗಳು ಬಹಳ ಇವೆ. ಅದರಲ್ಲಿ ಸುಳ್ಳಿಲ್ಲ, ಆದರೆ ಅದು ಮೊದಲು ಒಂದು ತಪಾಸಣೆ: ಮೈಯ ಕೀಲುಗಳ ನಡುವೆ ಎಲ್ಲಿ ಸಡಿಲ, ಎಲ್ಲಿ ಸೆಡವು ಎಂದು ತೋರಿಸುವ ಸಾಧನ. ಹಳೆಯ ಗುರುಗಳು ಗುದ್ದು ಕಲಿಸುವ ಮೊದಲು ತಿಂಗಳುಗಟ್ಟಲೆ, ಕೆಲವೆಡೆ ವರ್ಷಗಟ್ಟಲೆ ಇದರಲ್ಲೇ ನಿಲ್ಲಿಸುತ್ತಿದ್ದರು.

ನಿಲುವಿನಲ್ಲಿ ಕಲಿತದ್ದನ್ನು ಚಲನೆಯಲ್ಲಿ ಉಳಿಸಿಕೊಳ್ಳಲು ‘ಲ್ಯುಹೆ’, ಆರು ಹೊಂದಿಕೆ ಎಂಬ ನಿಯಮ ಇದೆ. ಹೊರಗಿನ ಮೂರು: ಕೈಗೆ ಕಾಲು, ಮೊಣಕೈಗೆ ಮೊಣಕಾಲು, ಭುಜಕ್ಕೆ ಸೊಂಟ ಕೂಡಿಬರಬೇಕು. ಒಳಗಿನ ಮೂರು: ಮನಸ್ಸಿಗೆ ಸಂಕಲ್ಪ, ಸಂಕಲ್ಪಕ್ಕೆ ‘ಚೀ’ ಎಂಬ ಪ್ರಾಣಶಕ್ತಿ, ಚೀಗೆ ಬಲ. ಹೊರಗಿನ ಮೂರನ್ನು ಗುರು ಕಣ್ಣಿನಿಂದ ನೋಡಿ ತಿದ್ದಬಹುದು. ಒಳಗಿನ ಮೂರಕ್ಕೆ ಶಿಷ್ಯನೇ ಸಾಕ್ಷಿ.

ಐದು ಗುದ್ದುಗಳಿಗೆ ಚೀನೀಯರ ಐದು ತತ್ತ್ವಗಳ ಹೆಸರಿದೆ: ಲೋಹ, ನೀರು, ಮರ, ಬೆಂಕಿ, ಮಣ್ಣು. ಇವನ್ನು ನಮ್ಮ ಪಂಚಭೂತಗಳೆಂದು ಭಾವಿಸಿದರೆ ದಾರಿ ತಪ್ಪುತ್ತದೆ. ಇಲ್ಲಿ ಗಾಳಿಯೂ ಇಲ್ಲ, ಆಕಾಶವೂ ಇಲ್ಲ. ಪಂಚಭೂತಗಳು ಜಗತ್ತು ಯಾವುದರಿಂದ ಆಗಿದೆ ಎಂಬುದನ್ನು ಹೇಳುತ್ತವೆ; ‘ವೂಶಿಂಗ್’ ಒಂದು ಇನ್ನೊಂದಾಗಿ ಹೇಗೆ ತಿರುಗುತ್ತದೆ ಎಂಬುದನ್ನು ಹೇಳುತ್ತದೆ. ಲೋಹದಿಂದ ನೀರು, ನೀರಿನಿಂದ ಮರ, ಮರದಿಂದ ಬೆಂಕಿ, ಬೆಂಕಿಯಿಂದ ಬೂದಿ, ಅಂದರೆ ಮಣ್ಣು, ಮಣ್ಣಿನಿಂದ ಮತ್ತೆ ಲೋಹ ಹುಟ್ಟುತ್ತದೆ. ಗುದ್ದುಗಳನ್ನು ಸಾಮಾನ್ಯವಾಗಿ ಕಲಿಸುವ ಕ್ರಮವೂ ಇದೇ: ಪಿ, ತ್ಸ್ವಾನ್, ಬಂಗ್, ಪಾವ್, ಹಂಗ್. ಸುನ್ ಲೂಟಾಂಗ್ ಮಾತ್ರ ತನ್ನ ಪುಸ್ತಕದಲ್ಲಿ ಪಿ ಆದ ಮೇಲೆ ಬಂಗ್ ಇಟ್ಟಿದ್ದಾನೆ.

ಪಿ ಎಂದರೆ ಸೀಳುವುದು. ತತ್ತ್ವ ಲೋಹ, ಹೋಲಿಕೆ ಕೊಡಲಿ. ಎಲ್ಲರೂ ಮೊದಲು ಕಲಿಯುವುದು ಇದನ್ನೇ, ಏಕೆಂದರೆ ಇದು ಸಾನ್‌ತಿಯಿಂದ ಹೊರಟು ಸಾನ್‌ತಿಯಲ್ಲೇ ಮುಗಿಯುತ್ತದೆ. ಎಡಗಾಲು ಮುಂದಿರುವ ನಿಲುವಿನಿಂದ ಎರಡೂ ಕೈಗಳು ಹಗ್ಗ ಜಗ್ಗಿದಂತೆ ಕೆಳಹೊಟ್ಟೆಗೆ ಬಂದು ಮುಷ್ಟಿಯಾಗುತ್ತವೆ. ಎಡಮುಷ್ಟಿ ಎದೆಯ ನಡುಗೆರೆಯಲ್ಲೇ ಏರಿ, ಗಲ್ಲದ ಹತ್ತಿರದಿಂದ ಮುಂದಕ್ಕೆ, ಅಂಗೈ ಮೇಲಾಗುವಂತೆ ತಿರುಚಿಕೊಂಡು ಮೂಗಿನ ಎತ್ತರಕ್ಕೆ ಹೋಗುತ್ತದೆ. ಜೊತೆಗೆ ಎಡಪಾದ ತುಸು ಹೊರಮುಖವಾಗಿ ಮುಂದೆ ಊರುತ್ತದೆ. ಈಗ ಬಲಮುಷ್ಟಿ ಅದೇ ದಾರಿ ಹಿಡಿದು, ಎಡಮುಂಗೈಯ ಮೇಲೆ ಉಜ್ಜಿಕೊಂಡೇ ಸಾಗುತ್ತದೆ. ಎರಡೂ ಮುಷ್ಟಿ ಸಂಧಿಸಿದಲ್ಲಿ ಒಮ್ಮೆಗೇ ಅರಳಿ ಮಗುಚಿ, ಬಲಅಂಗೈ ಮುಂದಕ್ಕೂ ಕೆಳಕ್ಕೂ ಸೀಳುತ್ತದೆ, ಎಡಗೈ ಹೊಕ್ಕುಳಿಗೆ ಹಿಂದೆಳೆಯುತ್ತದೆ. ಬಲಪಾದ ನೆಲ ಮುಟ್ಟುವುದೂ ಬಲಅಂಗೈ ತಲುಪುವುದೂ ಒಂದೇ ಗಳಿಗೆಯಲ್ಲಿ. ಹಿಂದೆ ಉಳಿದ ಎಡಗಾಲು ಅರ್ಧ ಹೆಜ್ಜೆ ಜಾರಿ ಬಂದು ಸೇರುತ್ತದೆ. ಈ ಹಿಂಬಾಲಿಸುವ ಹೆಜ್ಜೆಯೇ ಶಿಂಗ್‌ಯಿಯ ಗುರುತು. ಅದಿಲ್ಲದಿದ್ದರೆ ಗುದ್ದು ತೋಳಿನದು ಮಾತ್ರ. ಅದಿದ್ದರೆ ಇಡೀ ಮೈಭಾರ ಕೈಯ ಬೆನ್ನಿಗೆ ಬರುತ್ತದೆ. ‘ಏರುವಾಗ ಕೊರೆ, ಇಳಿಯುವಾಗ ಮಗುಚು’ ಎಂಬ ಸೂತ್ರ ಐದೂ ಗುದ್ದಿಗೆ ಅನ್ವಯಿಸುತ್ತದೆ, ಆದರೆ ಕಣ್ಣಿಗೆ ನಿಚ್ಚಳವಾಗಿ ಕಾಣುವುದು ಪಿಯಲ್ಲಿ.

ಬಂಗ್ ಇದಕ್ಕಿಂತ ಗಿಡ್ಡ. ತತ್ತ್ವ ಮರ, ಹೋಲಿಕೆ ಬಾಣ. ಮುಷ್ಟಿ ಪಕ್ಕೆಯಿಂದ ಹೊರಟು ನೇರ ಗೆರೆಯಲ್ಲಿ ಎದುರಾಳಿಯ ಎದೆಗೂಡಿನ ಕೆಳಗೆ ಹೋಗುತ್ತದೆ, ಇನ್ನೊಂದು ಕೈ ಸೊಂಟಕ್ಕೆ ಬರುತ್ತದೆ. ಎಡಗಾಲೇ ಸದಾ ಮುಂದೆ, ಬಲಗಾಲು ಸದಾ ಹಿಂಬಾಲಕ. ಕೈಗಳು ಮಾತ್ರ ಬದಲಾಗುತ್ತವೆ. ಗುವೊ ಯುನ್‌ಶೆನ್ ಅರ್ಧ ಹೆಜ್ಜೆಯ ಬಂಗ್‌ನಲ್ಲಿ ಎಲ್ಲರನ್ನೂ ಕೆಡವುತ್ತಿದ್ದನಂತೆ. ಆತ ಕೊಲೆಯ ಆಪಾದನೆಯಲ್ಲಿ ಮೂರು ವರ್ಷ ಸೆರೆಯಲ್ಲಿದ್ದಾಗ ಕಾಲಿಗೆ ಬೇಡಿ ಇದ್ದುದರಿಂದ ಪೂರ್ತಿ ಹೆಜ್ಜೆ ಇಡಲಾಗದೆ ಈ ಅರ್ಧ ಹೆಜ್ಜೆ ಹುಟ್ಟಿತು ಎಂಬ ಕಥೆ ಶಿಷ್ಯರ ಬಾಯಲ್ಲಿ ಬಂದಿದೆ. ಕೇಳಲು ಸೊಗಸಾಗಿದೆ, ನಂಬಲು ಆಧಾರ ಸಾಲದು. ಗೆರೆಯ ತುದಿಯಲ್ಲಿ ಬಂಗ್ ತಿರುಗುವ ಬಗೆಗೆ ‘ಕಾಡುಬೆಕ್ಕು ತಲೆಕೆಳಗಾಗಿ ಮರ ಏರುವುದು’ ಎಂದು ಹೆಸರು. ಮೈ ಹಿಂದಕ್ಕೆ ತಿರುಗುತ್ತಲೇ ಒಂದು ಕಾಲು ಅಂಗಾಲು ಓರೆಯಾಗಿ ಮೇಲೆದ್ದು ಎದುರಾಳಿಯ ಮೊಣಕಾಲನ್ನು ತುಳಿದುಕೊಂಡು ಇಳಿಯುತ್ತದೆ. ಐದು ಗುದ್ದುಗಳ ಪಾಠದಲ್ಲಿ ಎದ್ದು ಕಾಣುವ ಒದೆತ ಇದೇ.

ಉಳಿದ ಮೂರನ್ನು ಬೇಗ ಹೇಳಿಬಿಡಬಹುದು. ತ್ಸ್ವಾನ್, ಕೊರೆಯುವುದು: ತತ್ತ್ವ ನೀರು. ಒಂದು ಅಂಗೈ ಎದುರಾಳಿಯ ತೋಳನ್ನು ಕೆಳಕ್ಕೆ ಅದುಮುತ್ತಿರುವಾಗ ಇನ್ನೊಂದು ಮುಷ್ಟಿ ಬುಗ್ಗೆಯಂತೆ ಕೆಳಗಿನಿಂದ ಗಲ್ಲಕ್ಕೋ ಮೂಗಿಗೋ ಏರುತ್ತದೆ. ಪಾವ್ ಅಂದರೆ ಫಿರಂಗಿ, ತತ್ತ್ವ ಬೆಂಕಿ. ಒಂದು ಮುಂಗೈ ಮೇಲೇರಿ ತಿರುಚಿ ಹಣೆಯ ಪಕ್ಕದಲ್ಲಿ ಏಟನ್ನು ಜಾರಿಸುತ್ತದೆ, ಅದೇ ಗಳಿಗೆಗೆ ಇನ್ನೊಂದು ಮುಷ್ಟಿ ಎದೆಯ ಮಟ್ಟದಲ್ಲಿ ಸಿಡಿಯುತ್ತದೆ. ಪಾವ್ ಮತ್ತು ಹಂಗ್ ಎರಡರಲ್ಲೂ ಹೆಜ್ಜೆ ನೇರವಿಲ್ಲ, ಎಡಬಲಕ್ಕೆ ಓರೆಯಾಗಿ ಹೋಗುತ್ತದೆ. ಮುಂದಿಟ್ಟ ಕಾಲಿಗೆ ಎದುರು ಬದಿಯ ಕೈ ಗುದ್ದುತ್ತದೆ. ಹಂಗ್ ಅಂದರೆ ಅಡ್ಡ, ತತ್ತ್ವ ಮಣ್ಣು. ಮುಷ್ಟಿ ಇನ್ನೊಂದು ಮೊಣಕೈಯ ಅಡಿಯಿಂದ ತಿರುಚುತ್ತ ಹೊರಡುತ್ತದೆ, ಮುಂದಕ್ಕೂ ಪಕ್ಕಕ್ಕೂ ಒಟ್ಟಿಗೆ ಬಲ ಬೀಳುತ್ತದೆ. ಐದರಲ್ಲಿ ಇದೇ ಕಷ್ಟದ್ದು, ಏಕೆಂದರೆ ಅಡ್ಡ ಬಲ ಹೊರಗೆ ಕಾಣಬಾರದು. ಕಂಡರೆ ಅದು ತೋಳು ಬೀಸಿದ್ದಾಗುತ್ತದೆ. ಉಳಿದ ನಾಲ್ಕರ ಒಳಗೂ ಹಂಗ್ ಇದೆ, ಮಣ್ಣಿಲ್ಲದೆ ಯಾವುದೂ ಹುಟ್ಟದು ಎಂದು ಗುರುಗಳು ಹೇಳುತ್ತಾರೆ.

ಹುಟ್ಟಿಸುವ ಚಕ್ರದ ಜೊತೆ ಗೆಲ್ಲುವ ಚಕ್ರವೂ ಇದೆ. ಲೋಹ ಮರವನ್ನು ಕಡಿಯುವುದರಿಂದ ಪಿ ಬಂಗ್‌ಗೆ ಮದ್ದು. ಬೆಂಕಿ ಲೋಹವನ್ನು ಕರಗಿಸುವುದರಿಂದ ಪಾವ್ ಪಿಗೆ ಮದ್ದು. ಇಬ್ಬರು ಎದುರುಬದುರು ನಿಂತು ಮಾಡುವ ಜೋಡಿ ವರಸೆಯಲ್ಲಿ ಇದು ಒಬ್ಬರ ಗುದ್ದಿಗೆ ಇನ್ನೊಬ್ಬರ ಉತ್ತರವಾಗಿ ಅಚ್ಚುಕಟ್ಟಾಗಿ ಸಾಗುತ್ತದೆ. ನಿಜವಾದ ಜಗಳದಲ್ಲಿ ಎದುರಾಳಿ ಯಾವ ತತ್ತ್ವದ ಗುದ್ದು ತರುತ್ತಿದ್ದಾನೆಂದು ಲೆಕ್ಕ ಹಾಕುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಈ ಚಕ್ರ ನೆನಪಿಗೆ ಹಾಕಿದ ಗಂಟು, ಕಾದಾಟದ ಸೂತ್ರವಲ್ಲ. ಪಿ ಶ್ವಾಸಕೋಶಕ್ಕೆ, ತ್ಸ್ವಾನ್ ಮೂತ್ರಪಿಂಡಕ್ಕೆ, ಬಂಗ್ ಯಕೃತ್ತಿಗೆ, ಪಾವ್ ಹೃದಯಕ್ಕೆ, ಹಂಗ್ ಗುಲ್ಮಕ್ಕೆ ಒಳ್ಳೆಯದೆಂಬ ಹೊಂದಾಣಿಕೆಯನ್ನೂ ಹೀಗೇ ನೋಡಬೇಕು. ಅದು ಚೀನೀ ವೈದ್ಯಶಾಸ್ತ್ರದ ಪರಿಭಾಷೆಯಿಂದ ಬಂದದ್ದು. ಇಂಥ ಅಂಗದ ರೋಗಕ್ಕೆ ಇಂಥ ಗುದ್ದು ಎಂದು ಚೀಟಿ ಬರೆಯುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ವರ್ಷಗಳುದ್ದಕ್ಕೂ ಅದೇ ಐದು ಗುದ್ದು ಹೊಡೆಯುವವನಲ್ಲಿ ಬದಲಾಗುವುದು ಏನು? ಗುವೊ ಯುನ್‌ಶೆನ್‌ನ ಮಾತುಗಳೆಂದು ಸುನ್ ಲೂಟಾಂಗ್ ಬರೆದಿಟ್ಟ ಮೂರು ಹಂತಗಳಲ್ಲಿ ಇದಕ್ಕೆ ಉತ್ತರ ಇದೆ. ಮೊದಲನೆಯದು ‘ಮಿಂಗ್ ಜಿನ್’, ಎದ್ದು ಕಾಣುವ ಬಲ: ಹೆಜ್ಜೆ ಸದ್ದಾಗಬೇಕು, ಕೈಕಾಲು ಒಟ್ಟಿಗೆ ತಲುಪಬೇಕು, ಅಂಚುಗಳು ಸ್ಪಷ್ಟವಾಗಿರಬೇಕು. ಎರಡನೆಯದು ‘ಆನ್ ಜಿನ್’, ಅಡಗಿದ ಬಲ: ಸದ್ದು ಕರಗುತ್ತದೆ, ಚಲನೆ ಮೆತ್ತಗಾಗುತ್ತದೆ, ತಟ್ಟಿಸಿಕೊಂಡವನಿಗೆ ಮಾತ್ರ ಭಾರ ತಿಳಿಯುತ್ತದೆ. ಮೂರನೆಯದು ‘ಹ್ವಾ ಜಿನ್’, ಕರಗಿದ ಬಲ. ಅಲ್ಲಿ ವರಸೆಯ ಆಕಾರವೇ ನೆಪ. ಇವನ್ನು ಮೂಳೆ ಬದಲಿಸುವುದು, ಸ್ನಾಯು ಬದಲಿಸುವುದು, ಮಜ್ಜೆ ತೊಳೆಯುವುದು ಎಂದೂ ಹೆಸರಿಸುವುದುಂಟು. ಮೊದಲ ಹಂತವನ್ನು ಬಿಟ್ಟು ಎರಡನೆಯದಕ್ಕೆ ನೆಗೆಯುವ ಆಸೆ ಪಟ್ಟಣದ ಕಲಿಕೆಗಾರರಲ್ಲಿ ಸಾಮಾನ್ಯ, ಮೆತ್ತಗೆ ಮಾಡಿದರೆ ‘ಒಳಗಿನದು’ ಆಯಿತೆಂಬ ಭ್ರಮೆಯಿಂದ.

ಐದು ಗುದ್ದು ಕೂಡಿಬಂದ ಮೇಲೆ ಅವನ್ನೇ ಪೋಣಿಸಿದ ಜೋಡಣೆವರಸೆ ‘ಲಿಯನ್‌ಹ್ವಾನ್’ ಬರುತ್ತದೆ. ಆಮೇಲೆ ಹನ್ನೆರಡು ಪ್ರಾಣಿಗಳು: ಡ್ರ್ಯಾಗನ್, ಹುಲಿ, ಕೋತಿ, ಕುದುರೆ, ಮೊಸಳೆಜಾತಿಯ ತುವೊ, ಹುಂಜ, ಬಿಜ್ಜು, ಬಾನಾಡಿ ಗುಬ್ಬಿ, ಹಾವು, ತಾಯ್ ಎಂಬ ಹಕ್ಕಿ, ಹದ್ದು, ಕರಡಿ. ಪ್ರಾಣಿಯ ಅನುಕರಣೆ ಇಲ್ಲಿ ಕಡಿಮೆ. ಹುಲಿಯಿಂದ ಎರಗುವಿಕೆ, ಹುಂಜದಿಂದ ಒಂಟಿಕಾಲ ಸ್ಥಿರತೆ, ಹೀಗೆ ಒಂದೊಂದರಿಂದ ಒಂದೊಂದು ಗುಣ ಮಾತ್ರ. ಒಂದೊಂದು ಪ್ರಾಣಿಯ ಒಳಗೂ ಐದರಲ್ಲಿ ಯಾವುದೋ ಗುದ್ದು ಕೂತಿರುತ್ತದೆ.

20ನೇ ಶತಮಾನದಲ್ಲಿ ಈ ಗುಪ್ತಪಾಠ ಬಯಲಿಗೆ ಬಂತು. ಗುವೊ ಯುನ್‌ಶೆನ್‌ನಲ್ಲೂ ಕಲಿತಿದ್ದ ಸುನ್ ಲೂಟಾಂಗ್ (1860–1933) 1915ರಲ್ಲಿ ಶಿಂಗ್‌ಯಿಚ್ವಾನ್ ಕುರಿತು ಪುಸ್ತಕ ಪ್ರಕಟಿಸಿ, ದಾಯ್ ಮನೆತನ ಎರಡು ವರ್ಷ ಬಚ್ಚಿಟ್ಟಿದ್ದನ್ನು ಅಂಗಡಿಯಲ್ಲಿ ಸಿಗುವಂತೆ ಮಾಡಿದ. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಸರ್ಕಾರದ ಕೇಂದ್ರ ಗುವೊಶು (ಸಮರಕಲೆ) ಸಂಸ್ಥೆ ಆರಂಭವಾದಾಗ ಶಿಂಗ್‌ಯಿ ಅದರ ಪಾಠಗಳಲ್ಲಿ ಸೇರಿತು. ಅದೇ ಕಾಲಕ್ಕೆ ತದ್ವಿರುದ್ಧ ದಾರಿ ಹಿಡಿದವನು ವಾಂಗ್ ಶಿಯಾಂಗ್‌ಝಾಯ್ (1885–1963). ವರಸೆಗಳೆಲ್ಲ ಚಿಪ್ಪು, ತಿರುಳಿರುವುದು ನಿಲ್ಲುವುದರಲ್ಲೇ ಎಂದು ಆತ ಐದು ಗುದ್ದುಗಳನ್ನೂ ಪ್ರಾಣಿಗಳನ್ನೂ ಬದಿಗಿಟ್ಟ. ಹೆಸರಿನಿಂದ ‘ಶಿಂಗ್’ ಅನ್ನೂ ಕಿತ್ತು ‘ಯಿಚ್ವಾನ್’ ಎಂದಷ್ಟೇ ಉಳಿಸಿದ. ಆತನ ವಾದದಲ್ಲಿ ಹುರುಳಿದೆ. ಆದರೆ ವರಸೆ ಬೇಡವೆನ್ನುವ ಮೊದಲು ಆತ ಆ ವರಸೆಗಳಲ್ಲೇ ಬೆಳೆದವನು ಎಂಬುದನ್ನು ಆತನ ಅನುಯಾಯಿಗಳು ಮರೆಯುವುದುಂಟು.

1949ರ ಆಸುಪಾಸಿನಲ್ಲಿ ಕೆಲವು ಗುರುಗಳು ತೈವಾನ್‌ಗೆ ಹೋದರು. ಅವರಲ್ಲಿ ವಾಂಗ್ ಶೂಜಿನ್ (1904–1981) ಜಪಾನಿನಲ್ಲೂ ಶಿಷ್ಯರನ್ನು ಮಾಡಿಕೊಂಡ. ಸಿನಿಮಾ ನೋಡುವವರಿಗೆ ಜೆಟ್ ಲೀಯ ‘ದಿ ಒನ್’ (2001) ಗೊತ್ತಿರಬಹುದು: ಅದರಲ್ಲಿ ನಾಯಕನದು ಬಾಗ್ವಾ, ಖಳನದು ನೇರ ನುಗ್ಗುವ ಶಿಂಗ್‌ಯಿ. ವಾಂಗ್ ಕಾರ್ ವಾಯ್ ನಿರ್ದೇಶನದ ‘ದಿ ಗ್ರ್ಯಾಂಡ್‌ಮಾಸ್ಟರ್’ (2013) ಚಿತ್ರದಲ್ಲೂ ಗುರುದ್ರೋಹಿ ಶಿಷ್ಯನ ಪಾಲಿಗೆ ಬಂದದ್ದು ಇದೇ ವಿದ್ಯೆ. ಓರೆಕೋರೆಯಿಲ್ಲದ ಗುದ್ದಿಗೆ ಖಳನ ವೇಷವೇ ಏಕೆ ಹೊಂದುತ್ತದೋ ನಿರ್ದೇಶಕರನ್ನು ಕೇಳಬೇಕು.

ಅಭ್ಯಾಸಕ್ಕೆ ಬೇಕಾದ ಜಾಗ ಹಸು ಮಲಗುವಷ್ಟು ಎಂದು ಚೀನೀ ಗಾದೆ. ಮನೆಯ ಹಜಾರವೋ ತಾರಸಿಯೋ ಸಾಕು. ಹೊಸಬರು ಸಾನ್‌ತಿಯಲ್ಲಿ ಒಂದೊಂದು ಬದಿಗೆ ಒಂದೆರಡು ನಿಮಿಷದಿಂದ ಶುರುಮಾಡಿ, ಮೊಣಕಾಲು ಕಾಲ್ಬೆರಳ ತುದಿ ದಾಟದಂತೆ, ಒಳಗಡೆಗೆ ವಾಲದಂತೆ ನೋಡಿಕೊಳ್ಳಬೇಕು. ತೊಡೆ ಉರಿದರೆ ಸರಿ, ಮೊಣಕಾಲು ನೊಂದರೆ ನಿಲ್ಲಿಸಬೇಕು. ಪುಸ್ತಕದಿಂದ, ವಿಡಿಯೊದಿಂದ ಹೆಜ್ಜೆಯ ಕ್ರಮ ಕಲಿಯಬಹುದು. ಜಾರಿದ ಭಾರವನ್ನು, ಏರಿದ ಭುಜವನ್ನು ಹಿಡಿಯಲು ಇನ್ನೊಬ್ಬರ ಕಣ್ಣು ಮತ್ತು ಕೈ ಬೇಕು. ಆರು ತಿಂಗಳಲ್ಲಿ ಹನ್ನೆರಡು ಪ್ರಾಣಿಗಳನ್ನೂ ಕಲಿಸಿಕೊಡುತ್ತೇನೆನ್ನುವ ಗುರು ಸಿಕ್ಕರೆ ಬೇರೊಬ್ಬರನ್ನು ಹುಡುಕುವುದು ಒಳಿತು.